ರಂಗೋಲಿಯ ಮೇಲೆ ಕೂತ ನಕ್ಷೆ

ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ ನಾನು ಕೊರಟಗೆರೆಯಲ್ಲಿ ಭೂಮಾಪಕರ ಮೇಲ್ವಿಚಾರಕನಾಗಿದ್ದೆ. ಅದಕ್ಕೂ ಮುಂಚೆ ಶಿರಾ, ಮಧುಗಿರಿ, ಪಾವಗಡ ಮೂರೂ ತಾಲ್ಲೂಕುಗಳಲ್ಲಿ ಸರಪಳಿ ಎಳೆದು ಬಿಸಿಲು ಕಂಡವನು. ಡ್ರೋನ್ ಬಂದಮೇಲೆ ಈ ವಯಸ್ಸಿನಲ್ಲಿ ನನಗೊಂದು ಕೊಂಬು ಬಂದಿತ್ತು. ಹೊಳವನಹಳ್ಳಿ ಹೋಬಳಿಯ ಒಂದು ಹಳ್ಳಿಯ ಮನೆಗಳ ನಕ್ಷೆಯನ್ನು ಡ್ರೋನ್ ಫೋಟೋಗಳಿಂದ ಮಾಡಿದ್ದೆವು. ಆ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಲು ಬೆಂಗಳೂರಿನ ವೈಮಾನಿಕ ನಕ್ಷೆ ಸಮ್ಮೇಳನದಿಂದ ಕರೆ ಬಂತು.

ಕೆಲಸದ ಕ್ರಮ ಇಷ್ಟು. ಹಿಂದಿನ ಸಂಜೆ ಊರಿನ ನಾಲ್ಕು ಮೂಲೆಯಲ್ಲಿ ನೆಲದ ಮೇಲೆ ಸುಣ್ಣದಿಂದ ಇಂಟು ಗುರುತು ಹಾಕಿ, ಅವುಗಳ ನಿಖರ ಸ್ಥಾನವನ್ನು ಜಿಪಿಎಸ್‌ನಲ್ಲಿ ಅಳೆಯುತ್ತೇವೆ. ಬೆಳಿಗ್ಗೆ ಡ್ರೋನ್ ಹಾರುತ್ತದೆ. ಫೋಟೋದಲ್ಲಿ ಅದೇ ಗುರುತುಗಳನ್ನು ಹುಡುಕಿ ಕ್ಲಿಕ್ ಮಾಡಿದರೆ ಇಡೀ ಚಿತ್ರ ಭೂಮಿಯ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ. ಅದರ ಮೇಲೆ ಹಳೆಯ ದಾಖಲೆಯ ರಸ್ತೆ ಗೆರೆ ಇಟ್ಟು ನೋಡುತ್ತೇವೆ. ಪರೀಕ್ಷೆಗೆಂದು ಐದನೆಯ ಗುರುತೊಂದು ಬೇಕು. ಕತ್ತಲಾಗುತ್ತಿದೆ ಎಂದು ಅದನ್ನು ನಾನೇ ಬಿಟ್ಟಿದ್ದೆ.

ಕರಡು ನಕ್ಷೆ ಊರಲ್ಲಿ ಅಂಟಿಸಿದ ಮೇಲೆ ಗಂಗಮ್ಮ ಎನ್ನುವ ಹೆಂಗಸು ತಕರಾರು ಅರ್ಜಿ ತಂದರು. ಊರ ಅಂಚಿನ ಮನೆ. ಮುಂದಿನ ಕೋಣೆಯಲ್ಲಿ ಅವರ ರಾಗಿ ಮಿಲ್ಲು. ನಕ್ಷೆಯಲ್ಲಿ ಆ ಕೋಣೆಯ ಮುಕ್ಕಾಲು ಪಾಲು ರಸ್ತೆಗೆ ಸೇರಿತ್ತು. ಕಾಂಕ್ರೀಟ್ ರಸ್ತೆ ಬರುವುದಿತ್ತು, ನಕ್ಷೆ ಅಂತಿಮವಾದರೆ ಮಿಲ್ಲು ಒಡೆಯುವುದು ಖಂಡಿತ.

"ನಮ್ಮತ್ತೆ ಕಾಲ್ದಿಂದ ಅದೇ ಗೋಡೆ ಸಾ. ಒಂದ್ ಸಲ ಬಂದು ಟೇಪ್ ಹಿಡ್ದು ನೋಡ್ಬುಡಿ," ಅಂದರು.

"ಯಂತ್ರ ಸುಳ್ಳು ಹೇಳಲ್ಲಮ್ಮ," ಅಂದೆ. ಒತ್ತುವರಿ ಮಾಡಿದವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡು, ಅರ್ಜಿಯ ಮೇಲೆ 'ತಿರಸ್ಕರಿಸಿದೆ' ಎಂದು ಬರೆದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ನಾನೂ ಒಬ್ಬನಾಗಿದ್ದೆ. ನಕ್ಷೆ ಅಂತಿಮವಾಗಲು ಇನ್ನು ನಾಲ್ಕೇ ದಿನ ಉಳಿದಿತ್ತು.

ಸಮ್ಮೇಳನದಲ್ಲಿ ನನ್ನ ಸರದಿ ಊಟದ ನಂತರ. ಬೆಳಿಗ್ಗೆ ಮಾತಾಡಿದ ವಿಜ್ಞಾನಿಯೊಬ್ಬರು, "ಕಂಪ್ಯೂಟರ್ ಕೊಡೋ ಎರರ್ ಸಂಖ್ಯೆ ನೋಡಿ ಖುಷಿಪಡಬೇಡಿ, ಗುರುತು ತಪ್ಪಿದ್ರೂ ಅದು ಚಿತ್ರಾನ ಎಳೆದು ಹೊಂದಿಸಿಬಿಡುತ್ತೆ. ಪ್ರತಿ ಗುರುತನ್ನೂ ದೊಡ್ಡದು ಮಾಡಿ ಕಣ್ಣಲ್ಲಿ ನೋಡಿ," ಎಂದರು. ನನ್ನ ಸ್ಲೈಡಿನಲ್ಲಿ ದೋಷ ಐದು ಸೆಂಟಿಮೀಟರ್ ಎಂದು ದಪ್ಪಕ್ಷರದಲ್ಲಿತ್ತು. ಜಂಬಕ್ಕಾದರೂ ಸರಿ, ಅವರ ಮುಂದೆ ಗುರುತುಗಳನ್ನೂ ತೋರಿಸೋಣ ಎಂದು ಊಟಕ್ಕೆ ಹೋಗದೆ ಲ್ಯಾಪ್‌ಟಾಪ್ ತೆರೆದೆ. ಮೂರು ಸರಿಯಿದ್ದವು. ನಾಲ್ಕನೆಯದಕ್ಕೆ ಎಂಟು ದಳಗಳಿದ್ದವು. ನಾನು ಕ್ಲಿಕ್ ಮಾಡಿದ್ದು ಗಂಗಮ್ಮನವರ ಬಾಗಿಲಲ್ಲಿದ್ದ ರಂಗೋಲಿಯ ನಡುವಿಗೆ.

ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಅವರ ಮನೆಯ ಮೂಲೆಯಲ್ಲಿ ಹಾಕಿದ್ದ ಸುಣ್ಣದ ಗುರುತು ಏನಾಯಿತು ಎಂದು ಕೇಳಿದೆ.

ಗಂಗಮ್ಮ ಹೇಳಿದರು: "ಬೈಬ್ಯಾಡಿ ಸಾ. ರೋಡಿಗೆ ಒಡಿಯೋ ಮನೇಗೇ ಅಲ್ವಾ ಇಂಟು ಮಾರ್ಕ್ ಹಾಕೋದು? ಹೆದ್ರಿಕೆ ಆಯ್ತು. ಬೆಳಿಗ್ಗೆ ಎದ್ದೇಟ್ಗೆ ಅದ್ರ ಮ್ಯಾಲೆ ಸಗಣಿ ಹಾಕಿ ಸಾರ್ಸಿ, ಬಾಗ್ಲಾಗೆ ರಂಗೋಲಿ ಬುಟ್ಬುಟ್ಟೆ."

ಒಡೆಯುವುದನ್ನು ತಪ್ಪಿಸಲು ಅವರು ಅಳಿಸಿದ್ದ ಗುರುತೇ ಅವರ ಮಿಲ್ಲನ್ನು ರಸ್ತೆಗೆ ತಳ್ಳಿತ್ತು. ಅಳಿಸಿದ್ದು ಅವರ ತಪ್ಪಲ್ಲ. ಆ ಗುರುತು ಏತಕ್ಕೆಂದು ನಾನು ಒಬ್ಬರಿಗೂ ಹೇಳಿರಲಿಲ್ಲ. ಐದನೆಯ ಗುರುತು ಇದ್ದಿದ್ದರೆ ತಪ್ಪು ಆ ದಿನವೇ ಸಿಕ್ಕಿಬೀಳುತ್ತಿತ್ತು.

ನನ್ನೊಂದಿಗೆ ಸಮ್ಮೇಳನಕ್ಕೆ ಬಂದಿದ್ದ ಮೇಲಧಿಕಾರಿಗೆ ತೋರಿಸಿದೆ. "ಇದನ್ನ ಇಲ್ಲಿ ತೋರಿಸ್ಬೇಡಿ ಕಣ್ರೀ. ಊರಿಗೆ ಹೋಗಿ ಸದ್ದಿಲ್ಲದೆ ಸರಿ ಮಾಡಿ," ಎಂದರು. ಅವರ ಮಾತಿಗೆ ಎದುರಾಡಿದ್ದು ನನಗೆ ನೆನಪಿಲ್ಲ, ಆದರೆ ವೇದಿಕೆಯಲ್ಲಿ ಐದು ಸೆಂಟಿಮೀಟರ್ ಎಂದು ಓದಲು ನಾಲಿಗೆ ಏಳಲಿಲ್ಲ. ಆ ಸ್ಲೈಡು ತೆಗೆದು ಎಂಟು ದಳದ ರಂಗೋಲಿಯನ್ನು ಪರದೆ ತುಂಬ ಹಾಕಿ, ನಡೆದದ್ದನ್ನೆಲ್ಲ ಹೇಳಿದೆ. ಸಭೆ ನಕ್ಕಿತು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು. ಆಗ ಬೆಳಗಿನ ಆ ವಿಜ್ಞಾನಿ, "ಆಕೆಯ ಮಿಲ್ಲು?" ಎಂದು ಕೇಳಿದರು. ನಗು ನಿಂತಿತು. "ನಾಳೆ ಹೋಗ್ತೀನಿ ಮೇಡಂ," ಎಂದೆ.

ಮರುದಿನ ಹೊಸದಾಗಿ ಅಳೆದೆವು. ಮಿಲ್ಲಿನ ಗೋಡೆ ರಸ್ತೆಯ ಗೆರೆಗಿಂತ ಒಂದು ಗೇಣು ಈಚೆಗೆ, ಅವರ ಜಾಗದೊಳಗೇ ಇತ್ತು. ನಕ್ಷೆ ತಿದ್ದಿದೆವು. ಗಂಗಮ್ಮ ಟೇಪಿನ ಇನ್ನೊಂದು ತುದಿ ತಾವೇ ಹಿಡಿದಿದ್ದರು. ಕ್ಷಮೆ ಕೇಳಿದೆ.

"ಅದೇನ್ ಬುಡಿ," ಎಂದರು. "ಆದ್ರೆ ನಾ ಸುಳ್ಳು ಹೇಳ್ತೀನಿ ಅಂತ ಅವತ್ತು ಅಂದ್ಕಂಡ್ರಲ್ಲ, ಅದಕ್ಕೆ ಮನೆಗ್ಬಂದು ಅತ್ಬುಟ್ಟೆ."

ಟೇಪು ಹಿಡಿದದ್ದು ಒಟ್ಟು ಹತ್ತು ನಿಮಿಷ. ಅಷ್ಟು ಹೊತ್ತು ಕೊಡದೆ ಒಬ್ಬರನ್ನು ಸುಳ್ಳುಗಾರ್ತಿ ಮಾಡಿದ್ದೆ. ಆ ಹಳ್ಳಿಯಿಂದ ಬಂದ ಇನ್ನೂ ಆರು ಅರ್ಜಿಗಳನ್ನು ನಾನು ಕುರ್ಚಿಯಲ್ಲೇ ಕೂತು ತಿರಸ್ಕರಿಸಿದ್ದೆ. ಅವತ್ತು ಮಧ್ಯಾಹ್ನ ಟೇಪು ಹಿಡಿದು ಆ ಆರು ಮನೆಗಳಿಗೂ ಒಂದೊಂದಾಗಿ ನಡೆದುಹೋದೆ.