ಹೆಬ್ಬೇವಿನ ಗಿಟಾರು

ಚೆನ್ನೈನ ನುಂಗಂಬಾಕ್ಕಂನ ಒಂದು ಒಳಬೀದಿಯಲ್ಲಿ ಪರಮೇಶ್ವರಪ್ಪ ಮೂವತ್ತು ವರ್ಷದಿಂದ ಗಿಟಾರು ರಿಪೇರಿ ಮಾಡುತ್ತಿದ್ದ. ಅಕೂಸ್ಟಿಕ್ ಗಿಟಾರು ಮಾತ್ರ. ಸ್ಪ್ರೂಸ್ ಮರದ ತೆಳ್ಳನೆಯ ಮುಖ, ಬೀಟೆಯ ಬೆನ್ನು, ನಡುವೆ ಬರೀ ಗಾಳಿ. ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಒಳಗೆ ಎಲ್ಲಿ ಅಂಟು ಬಿಟ್ಟಿದೆ ಎಂದು ಹೇಳಬಲ್ಲವನಾಗಿದ್ದ. ಯಾರಾದರೂ ಎಲೆಕ್ಟ್ರಿಕ್ ಗಿಟಾರು ತಂದರೆ, "ಇದು ಹಲಗೆಗೆ ತಂತಿ ಬಿಗಿದಿರೋದು, ಹೊಟ್ಟೇನೇ ಇಲ್ಲ. ಇದರಲ್ಲಿ ಹಾಡೋದು ಕರೆಂಟು," ಎಂದು ಪಕ್ಕದ ಬೀದಿಯ ರಘುವಿನ ಅಂಗಡಿಗೆ ಕಳಿಸಿಬಿಡುತ್ತಿದ್ದ.

ದಾವಣಗೆರೆಯಿಂದ ಮದುವೆಯಾಗಿ ಬಂದ ಪೂರ್ಣಿಮಾ, ಮೊದಮೊದಲು ಗಂಡ ಸರಿಮಾಡಿದ ಗಿಟಾರುಗಳನ್ನು ಸುಮ್ಮನೆ ಮೀಟಿ ನೋಡುತ್ತಿದ್ದವಳು, ಮೀಟುತ್ತ ಮೀಟುತ್ತ ಕಲಿತು, ಅಡ್ಯಾರಿನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವಷ್ಟಾದಳು.

ಎರಡು ವರ್ಷದ ಹಿಂದೆ ಆಕೆಯ ಎಡಗೈ ಸೋಲತೊಡಗಿತು.

"ರೀ, ತಂತಿ ಒತ್ತಕ್ಕೆ ಆಗ್ತಿಲ್ಲ. ಬೆರಳು ನನ್ನ ಮಾತೇ ಕೇಳಲ್ಲ ಅಂತಾವೆ."

ಪೋರೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ನರದ ಕಾಯಿಲೆ, ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ, ವಾಸಿಯಾಗುವುದಿಲ್ಲ ಎಂದರು ಡಾಕ್ಟರು.

ಪರಮೇಶ್ವರಪ್ಪ ಆಕೆಯ ಉಕ್ಕಿನ ತಂತಿಯ ಗಿಟಾರು ಎತ್ತಿಟ್ಟು ಮೆತ್ತನೆಯ ನೈಲಾನ್ ತಂತಿಯ ಗಿಟಾರು ಕೊಟ್ಟ. ಒತ್ತಲು ಸುಲಭವಾಗಲೆಂದು ಅದರ ತಂತಿಯನ್ನು ಕತ್ತಿನ ಹತ್ತಿರಕ್ಕೆ ಇನ್ನಷ್ಟು ತಗ್ಗಿಸಿದ. ಮೂರು ತಿಂಗಳಿಗೆ ಅದೂ ಭಾರವಾಯಿತು.

"ಕರೆಂಟಿನ ಗಿಟಾರು ಕೊಂಚ ಸುಲಭ ಅಂತಾರಲ್ಲ," ಎಂದಳು ಒಂದು ಸಂಜೆ, ಅವನ ಮುಖ ನೋಡದೆ.

ಮರುದಿನ ಅವನು ರಘುವಿನ ಅಂಗಡಿಗೆ ಹೋಗಿ ನಿಂತ. "ನಂಗೆ ಇದನ್ನ ಮಾಡೋದು ಹೇಳಿಕೊಡಪ್ಪ," ಎಂದ. ತನಗಿಂತ ಇಪ್ಪತ್ತು ವರ್ಷ ಚಿಕ್ಕವನ ಮುಂದೆ ಸ್ಟೂಲಿನ ಮೇಲೆ ಕೂತು ಕಲಿತ. ತಂತಿಯ ಅಡಿಯಲ್ಲಿ ಕೂರುವ ಅಯಸ್ಕಾಂತಕ್ಕೆ ನೈಲಾನ್ ಕೇಳಿಸುವುದಿಲ್ಲ, ಉಕ್ಕೇ ಬೇಕು. ಆದರೆ ಕೂದಲಿನಷ್ಟು ಸಣ್ಣದಾದರೂ ಸಾಕು, ಹೂವಿನಷ್ಟು ಮೆಲ್ಲಗೆ ಮುಟ್ಟಿದರೂ ಸಾಕು. ತೊಂದರೆಯೆಂದರೆ ಗಟ್ಟಿ ಮರದ ತೂಕ. ಆಕೆಯ ತೊಡೆಗೆ ಭಾರವಾಗಬಾರದೆಂದು ಅವನು ಮರದ ಅಡ್ಡೆಗಳನ್ನೆಲ್ಲ ಸುತ್ತಿ, ತಮಿಳರು ಮಲೈವೇಂಬು ಎನ್ನುವ ಹಗುರ ಹೆಬ್ಬೇವನ್ನು ಹುಡುಕಿ ತಂದ.

ಅದರಲ್ಲಿ ಅವನು ಮಾಡಿಕೊಟ್ಟ ಗಿಟಾರನ್ನು ಪೂರ್ಣಿಮಾ ಐದು ತಿಂಗಳು ನುಡಿಸಿದಳು. ಮಕ್ಕಳಿಗೆ ಪಾಠವನ್ನೂ ಹೇಳಿದಳು. ಆಮೇಲೆ ಎಡಗೈ ಪೂರ್ತಿ ಬಿದ್ದುಹೋಯಿತು.

ಆಗ ಪರಮೇಶ್ವರಪ್ಪ ಪಕ್ಕದಲ್ಲಿ ಕೂತು, ಗಿಟಾರಿನ ಕತ್ತಿನ ಮೇಲಿನ ಮನೆಗಳಲ್ಲಿ ತಂತಿಗಳನ್ನು ತಾನೇ ಒತ್ತತೊಡಗಿದ. ಆಕೆ ಬಲಗೈಯಿಂದ ಮೀಟುವಳು. ಅವನಿಗೆ ರಿಪೇರಿ ಗೊತ್ತೇ ಹೊರತು ನುಡಿಸುವುದು ಬಾರದು.

"ಅಲ್ಲಲ್ಲ, ಎರಡನೇ ಮನೆ. ಇಷ್ಟು ವರ್ಷ ಏನ್ ಕೇಳಿಸ್ಕೊಂಡ್ರಿ ನೀವು?"

"ಮರ ಕೇಳಿಸ್ಕೊಳ್ತಿದ್ದೆ," ಎಂದ.

ಆಕೆ ನಕ್ಕಳು. ಉಸಿರು ಸಾಲದೆ ನಗು ಅರ್ಧಕ್ಕೇ ನಿಂತಿತು.

ಕಳೆದ ಆಷಾಢದಲ್ಲಿ ಪೂರ್ಣಿಮಾ ತೀರಿಕೊಂಡಳು. ಕಡಲ ಗಾಳಿಗೆ ಎರಡು ತಿಂಗಳಲ್ಲೇ ಹೆಬ್ಬೇವಿನ ಗಿಟಾರಿನ ತಂತಿಗಳು ತುಕ್ಕು ಹಿಡಿದವು. ಬದಲಾಯಿಸಿಕೊಡಲೇ ಎಂದು ರಘು ಕೇಳಿದ. ಪರಮೇಶ್ವರಪ್ಪ ಬೇಡವೆಂದ. ಆದರೆ ಬಿಗಿದಿಟ್ಟ ತಂತಿ ವರ್ಷಗಟ್ಟಲೆ ಎಳೆದರೆ ಗಿಟಾರಿನ ಕತ್ತು ಬಾಗುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲದ್ದಲ್ಲ. ನುಡಿಸುವವರಿಲ್ಲದ ಗಿಟಾರುಗಳಿಗೆ ಮಾಡುವುದನ್ನೇ ಒಂದು ಬೆಳಿಗ್ಗೆ ಇದಕ್ಕೂ ಮಾಡಿದ. ಒಂದೊಂದೇ ಬಿರಟೆ ತಿರುಗಿಸಿ ಆರೂ ತಂತಿ ಸಡಿಲಿಸಿದ. ಅಂಗಡಿ ತೆಗೆಯುವ ಹೊತ್ತು ಮೀರಿದರೂ ಅದನ್ನು ತೊಡೆಯ ಮೇಲಿಂದ ಇಳಿಸದೆ ಕೂತೇ ಇದ್ದ.