ಎಲೆಯ ಎಡಭಾಗ

“ಹಬ್ಬದ ದಿನ ಒಂದು ಕೋಸಂಬರಿ ಕೂಡ ಬಡಿಸಿಲ್ವೇನಮ್ಮ?” ಎಂದು ಮಾವನವರು ನೆಂಟರೆದುರಿಗೇ ನನ್ನನ್ನು ಗದರಿದರು. ಅವರ ಎಲೆಯಲ್ಲಿ ಪಲ್ಯವಿದ್ದ ಬಲಭಾಗ ಬಳಿದಂತೆ ಖಾಲಿಯಾಗಿತ್ತು. ಕೋಸಂಬರಿ, ಉಪ್ಪಿನಕಾಯಿ ಎಲ್ಲ ಎಲೆಯ ಎಡಭಾಗದಲ್ಲಿ ಮುಟ್ಟದೆ ಹಾಗೇ ಇದ್ದವು.

ಎಂಬತ್ತರ ದಶಕದ ಒಂದು ಯುಗಾದಿ, ಜಯನಗರದ ನಮ್ಮ ಮನೆ. ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ಮಾವ ಮನೆಗೆ ಬಂದ ಮೇಲೆ ಅದೇ ಮೊದಲ ಹಬ್ಬ. ನಾನು ಅವರ ಎಲೆಯನ್ನೇ ಮೆಲ್ಲಗೆ ತಿರುಗಿಸಿಟ್ಟೆ.

“ಇದನ್ನ ಮೊದ್ಲೇ ಬಡಿಸೋಕೆ ಏನಾಗಿತ್ತು?” ಎನ್ನುತ್ತಾ ಅವರು ಕೋಸಂಬರಿಗೆ ಕೈಹಾಕಿದರು. ಎಲೆಯ ತುದಿ ಎಡಕ್ಕಿಲ್ಲದಿದ್ದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ, ತುದಿ ಬಲಕ್ಕೆ ಬಂದದ್ದನ್ನು ಗಮನಿಸಲೇ ಇಲ್ಲ. ಕಣ್ಣೇನೋ ಸರಿಯಾಗಿದೆ, ಎಡಗಡೆ ಎಂಬುದೊಂದು ಇದೆ ಅನ್ನುವುದನ್ನು ಮಿದುಳು ಬಿಟ್ಟುಬಿಟ್ಟಿದೆ ಎಂದು ಡಾಕ್ಟರು ಆಮೇಲೆ ವಿವರಿಸಿದರು.

ಸಂಜೆಯ ಕಾಫಿಗೆ ಯಾವಾಗಲೂ ಮಾವನವರ ಎಡಕ್ಕೆ ಕೂರುತ್ತಿದ್ದವರು ನಮ್ಮತ್ತೆ. ಡಾಕ್ಟರ ಮಾತು ಕೇಳಿದ ದಿನ ಅವರು ತಮ್ಮ ಕುರ್ಚಿಯನ್ನು ಬಲಕ್ಕೆ ಎಳೆದುಕೊಂಡು ಕುಳಿತರು. ಮಾವ ಅವರನ್ನೇ ನೋಡಿ, “ಎಲ್ಲೇ ಹೋಗಿದ್ದೆ ಇಷ್ಟು ದಿನ?” ಎಂದರು.