ನಡುವಿನ ಬಿಲ್ಲೆ

ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ಕೂತು ಮೂಳೆಗೆ ಮೂಳೆ ಸೇರಿಸಿ ತಂತಿ ಬಿಗಿದು ಅಸ್ಥಿಪಂಜರ ನಿಲ್ಲಿಸುವುದು ಕೀಲಣ್ಣನ ಕೆಲಸ. ಆ ಹೆಸರು ಕಾಲೇಜಿನವರೇ ಇಟ್ಟದ್ದು. ಬೆನ್ನುಮೂಳೆಯ ಮಣಿಗಳ ನಡುವೆ ಅವನು ಮೆತ್ತನೆಯ ರಬ್ಬರ್ ಬಿಲ್ಲೆ ಇಡದೆ ಬಿಡುತ್ತಿರಲಿಲ್ಲ. ಬಿಲ್ಲೆಯಿಲ್ಲದಿದ್ದರೆ ಮಣಿಗೆ ಮಣಿ ತಿಕ್ಕಿ ಎರಡೂ ಸವೆಯುತ್ತವೆ.

ಮನೆಯಲ್ಲಿ ಆ ಬಿಲ್ಲೆ ಅವನೇ. ಅಮ್ಮನೂ ಹೆಂಡತಿಯೂ ಮಾತು ಬಿಟ್ಟು ವರ್ಷಗಳಾಗಿದ್ದವು. ಯಾಕೆಂಬುದು ಇಬ್ಬರಿಗೂ ಮರೆತಿತ್ತು, ಹಟ ಮಾತ್ರ ಮರೆತಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ಹೇಳುವುದನ್ನೆಲ್ಲ ಇವನ ಕಿವಿಗೆ ಹಾಕುತ್ತಿದ್ದರು. ಇವನು ಚೂಪನ್ನೆಲ್ಲ ಸವರಿ ದಾಟಿಸುತ್ತಿದ್ದ. ಉಪ್ಪು ಸುರಿದು ಕೊಲ್ಲಲು ನೋಡುತ್ತಾಳೆಂದು ಅಮ್ಮ ಗೊಣಗಿದರೆ, ಹೆಂಡತಿಗೆ ತಲುಪುವಾಗ ಅದು ಹೊಗಳಿಕೆಯಾಗಿರುತ್ತಿತ್ತು. ಮುದುಕಿಗೆ ಬಾಯಿ ಜಾಸ್ತಿ ಎಂದು ಹೆಂಡತಿ ಸಿಡುಕಿದರೆ, ಸೊಸೆ ನಿನ್ನ ಮಂಡಿನೋವು ವಿಚಾರಿಸಿದಳೆಂದು ಅಮ್ಮನಿಗೆ ವರದಿ. ಇಂಥ ಸುಳ್ಳುಗಾರನಿಗೆ ಯಾರಾದರೂ ಕರೆದು ಸನ್ಮಾನ ಮಾಡಬೇಕಿತ್ತು.

ಒಂದು ಬೆಳಿಗ್ಗೆ ಅವನ ಗಂಟಲು ಕಟ್ಟಿತು. ಒಂದು ವಾರ ಪಿಸುಮಾತೂ ಕೂಡದೆಂದರು ಡಾಕ್ಟರು. ಬರೆದು ತೋರಿಸೋಣವೆಂದರೆ ಅಮ್ಮನಿಗೆ ಓದು ಬಾರದು. ಇನ್ನು ಮಾತಿಗೆ ಮಾತು ನೇರ ತಾಗಿದರೆ ಅಮ್ಮ ಗಂಟುಮೂಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಡುವುದು ಖಂಡಿತ.

ಸಂಜೆ ಕೆಲಸದಿಂದ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಹೆಂಡತಿ ಗೋಡೆ ನೋಡುತ್ತ ಹೇಳುತ್ತಿದ್ದಳು: "ನಿನ್ನೆ ಅಡುಗೆ ಹೊಗಳಿದ್ರಂತೆ. ಇವತ್ತೂ ಅದನ್ನೇ ಮಾಡಿದೀನಿ."

"ನಾನೆಲ್ಲಿ ಹೊಗಳಿದೆ? ಬಾಯಿಗಿಡೋಕಾಗಲ್ಲ ಅಂದೆ. ನೀನು ನನ್ನ ಮಂಡಿನೋವು ಕೇಳಿದ್ಯಂತಲ್ಲ?"

"ನಾನು ಕೇಳೇ ಇಲ್ಲ."

ಇಬ್ಬರೂ ಗಕ್ಕನೆ ತಿರುಗಿ ಮುಖ ಮುಖ ನೋಡಿಕೊಂಡರು. ಆಮೇಲೆ ಯಾರು ಮೊದಲು ನಕ್ಕರೋ, ಪಾತ್ರೆಗಳೂ ನಡುಗುವಂತೆ ಇಬ್ಬರೂ ನಕ್ಕರು. ಇಷ್ಟು ವರ್ಷ ಇಬ್ಬರ ಕಿವಿಗೂ ಹೂವಿಟ್ಟನಲ್ಲ ಎಂದು ಅವನಿಗೆ ಜೊತೆಯಾಗಿ ಮಂಗಳಾರತಿ ಎತ್ತಿದರು. ಕೊನೆಗೆ ಅಮ್ಮನ ದನಿ ತಗ್ಗಿತು.

"ಮಂಡಿ ಮಾತ್ರ ನಿಜವಾಗ್ಲೂ ನೋಯುತ್ತೆ."

"ಕೂತ್ಕೊಳ್ಳಿ ಅತ್ತೆ, ಎಣ್ಣೆ ಬಿಸಿ ಮಾಡ್ತೀನಿ."

ಬಾಗಿಲ ಹೊರಗೆ ಅವನ ಕಣ್ಣು ತುಂಬಿ ಬಂತು.

ವಾರದೊಳಗೇ ಗಂಟಲು ಸರಿಹೋಯಿತು. ಆದರೂ ಅವನು ಬಾಯಿ ಬಿಡಲಿಲ್ಲ. ಆ ಇಬ್ಬರ ಹರಟೆ ಕೇಳುತ್ತ ಕೂರುವ ಸುಖ ಬಿಡಲು ಮನಸ್ಸಾಗಲಿಲ್ಲ. ಹೆಂಡತಿಗೆ ತಿಳಿಯದೆ ಇದ್ದೀತೇ? ಊಟಕ್ಕೆ ಬಡಿಸುತ್ತ ಅತ್ತೆಯ ಕಡೆ ತಿರುಗಿದಳು.

"ನಿಮ್ಮ ಮಗನಿಗೆ ಹೇಳಿ ಅತ್ತೆ, ಬಚ್ಚಲಲ್ಲಿ ಕತ್ತೆ ಥರ ಹಾಡೋ ಗಂಟಲಿಗೆ ಮಾತಾಡೋಕೇನು ರೋಗ ಅಂತ."

ಅಮ್ಮ ತಟ್ಟೆಯಿಂದ ತಲೆಯೆತ್ತಿ ಮಗನನ್ನು ನೋಡಿದಳು.

"ನಿನ್ನ ಹಾಡು ತುಂಬಾ ಚೆನ್ನಾಗಿತ್ತಂತೆ ಕಣೋ."